ಮೇಲೆ ಡೇರೆ, ಕೆಳಗೆ ಹಗೇವು

ತಾಡಪತ್ರಿ ಮಾರುವವರನ್ನು ನಾನು ನಂಬುವುದಿಲ್ಲ. ವಯಸ್ಸಾದ ಮೇಲೆ ಬಂದ ಚಾಳಿಯಲ್ಲ ಇದು, ಹರೆಯದಲ್ಲೇ ಅಂಟಿಕೊಂಡದ್ದು. ಹೋದ ಮಳೆಗಾಲದಲ್ಲಿ ತಂಗಿಯ ಬಸುರಿ ಮೊಮ್ಮಗಳ ಕುಬಸಕ್ಕೆಂದು ಗಜೇಂದ್ರಗಡಕ್ಕೆ ಹೋಗಿದ್ದೆ. ಬಸ್ಸಿಳಿದು ನಾಲ್ಕು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಆ ವಾಸನೆ ಬಂದು ಮೂಗಿಗೆ ಬಡಿಯಿತು. ಮೇಣ, ಡಾಂಬರು, ಹಸಿ ಗೋಣಿ ಎಲ್ಲ ಕೂಡಿದ ಮುಗ್ಗಲು ವಾಸನೆ. ರಸ್ತೆಯ ಪಕ್ಕದಲ್ಲಿ ಒಬ್ಬ ಹುಡುಗ ಮಳೆಗೆ ಹೊದಿಸುವ ತಾಡಪತ್ರಿಗಳನ್ನು ಹರವಿಕೊಂಡು ಕೂತಿದ್ದ. ನನ್ನ ಕೈ ತಾನೇ ಹೋಗಿ ಹೊಲಿಗೆಯ ಗುಂಟ ಬೆರಳಾಡಿಸತೊಡಗಿತು.

"ಅಜ್ಜಾರ, ಯಾಕ್ರಿ ಹಂಗ ತಿವೀತೀರಿ? ಹರಿಯಂಗಿಲ್ಲ ಅದು."

"ನೀರು ಹಾಕಿ ನೋಡ್ಲೇನು?"

"ಮುಂಜಾನಿಂದ ಮಳ್ಯಾಗ ಬಿದ್ದೈತಲ್ರಿ! ಇನ್ನೆಷ್ಟ ನೀರ ಹಾಕ್ತೀರಿ?"

ಅವನು ಹೇಳಿದ್ದು ನಿಜವೇ. ಆದರೂ ನಾನು ಒಂದು ತುದಿ ಎತ್ತಿ ಬೆಳಕಿಗೆ ಹಿಡಿದು ನೋಡಿದೆ. ಅವನು ನನ್ನ ಚೀಲದ ಕಡೆ ನೋಡಿದ, ಏನಾದರೂ ಎತ್ತಿಕೊಂಡು ಹೋಗುವ ಮುದುಕನೋ ಏನೋ ಎಂಬಂತೆ. ಒಬ್ಬರನ್ನೊಬ್ಬರು ಹಾಗೆ ನೋಡಿಕೊಂಡೇ ನಾನು ಒಂದು ಇಡೀ ಬೇಸಿಗೆ ಕಳೆದಿದ್ದೇನೆ. ರೋಣ ಮತ್ತು ನರಗುಂದದ ನಡುವಿನ ಎರೆನಾಡಿನಲ್ಲಿ, ಒಂದು ಗಾಡಿಯ ನೆತ್ತಿಯ ಮೇಲೆ.

ನಾವಿನ್ನೂ ಮುಂಬಯಿ ಸರಕಾರದ ಕೆಳಗಿದ್ದ ಕಾಲ ಅದು. ಮುಂದೆಂದಾದರೂ ಮಲಪ್ರಭೆಯ ನೀರು ಕಾಲುವೆಯಲ್ಲಿ ಹರಿದು ಬಂದರೆ ಈ ಕರಿಮಣ್ಣು ಅದನ್ನು ತಡೆದುಕೊಂಡೀತೋ, ಜವುಗಾಗಿ ಹೋದೀತೋ ಎಂದು ತಿಳಿಯುವುದಕ್ಕೆ ಊರೂರಿನ ಮಣ್ಣು ತೆಗೆದು ತರುವ ಕೆಲಸಕ್ಕೆ ನನ್ನನ್ನು ಹಚ್ಚಿದ್ದರು. ಹಂಗಾಮಿ ನೌಕರಿ. ಮಳೆಗಾಲ ಹಿಡಿಯುವುದರೊಳಗೆ ಎಲ್ಲ ಮಣ್ಣು ಧಾರವಾಡಕ್ಕೆ ಮುಟ್ಟಿಸಿದರೆ ಕಾಯಂ ಮಾಡುತ್ತೇವೆ ಎಂದಿದ್ದರು. ಇಲ್ಲವಾದರೆ ಸೋದರಮಾವನ ಕಿರಾಣಿ ಅಂಗಡಿ ಕಾದೇ ಇತ್ತು. ಅಪ್ಪ ತೀರಿಕೊಂಡ ಮೇಲೆ ಅವ್ವ ಕಂಡವರ ಮನೆಯ ಹಪ್ಪಳ ಸಂಡಿಗೆ ಮಾಡಿ ನನ್ನನ್ನು ಓದಿಸಿದ್ದಳು. ಆ ನೌಕರಿ ಹೋಗಿದ್ದರೆ ನಾನು ಅವಳ ಮುಖ ನೋಡುವ ಹಾಗಿರಲಿಲ್ಲ.

ಕಚೇರಿಯವರು ಯುದ್ಧಕಾಲದ ಒಂದು ಹಳೆಯ ಮಿಲಿಟರಿ ಗಾಡಿ ಕೊಟ್ಟರು. ಅದರ ಜೊತೆಗೆ ಅಷ್ಟೇ ಹಳೆಯ ಮಿಲಿಟರಿ ಡ್ರೈವರ್ ದಸ್ತಗೀರಸಾಬನನ್ನೂ ಕೊಟ್ಟರು. ನಾನು ಅವನಿಗೆ ಚಾಚಾ ಅನ್ನುತ್ತಿದ್ದೆ, ಅವನು ನನಗೆ ರಾಯರ ಅನ್ನುತ್ತಿದ್ದ. ಮಲಗುವುದೆಲ್ಲಿ ಎಂಬುದನ್ನು ಮಾತ್ರ ಕಚೇರಿಯವರು ಹೇಳಲಿಲ್ಲ. ಗಾಡಿಯ ಹೊಟ್ಟೆಯ ತುಂಬ ಮಣ್ಣಿನ ಚೀಲಗಳು, ಅವು ತೋಯುವಂತಿಲ್ಲ. ಊರೊಳಗೆ ಯಾರ ಮನೆಯಲ್ಲಿ ಇಳಿದುಕೊಂಡರೂ ಮರುದಿನದಿಂದ ನಾವು ಅವರ ಪಾರ್ಟಿಯವರು, ಎದುರು ಪಾರ್ಟಿಯವರ ಹೊಲದಲ್ಲಿ ಕಾಲಿಡುವ ಹಾಗಿಲ್ಲ. ನೆಲದ ಮೇಲೆ ಡೇರೆ ಹೊಡೆಯೋಣವೆಂದರೆ ಬೇಸಿಗೆಯ ಎರೆಹೊಲ ಬಾಯಿ ಬಿಟ್ಟುಕೊಂಡಿರುತ್ತದೆ. ಗೂಟ ನಿಲ್ಲುವುದಿಲ್ಲ, ಆ ಬಿರುಕುಗಳಲ್ಲಿ ಚೇಳು ಹಾವು ಏನೇನಿರುತ್ತವೋ ದೇವರಿಗೇ ಗೊತ್ತು.

"ಹಂಗಾರ ಗಾಡಿ ಮ್ಯಾಲ ಮಲಗೂಣ್ರಿ," ಅಂದ ದಸ್ತಗೀರಸಾಬ. "ಬರ್ಮಾದಾಗ ನಾವು ಟ್ರಕ್ಕಿನ ಮ್ಯಾಲ ಮಲಗತಿದ್ವಿ. ಕೆಳಗ ಜಿಗಳಿ, ಮ್ಯಾಲ ನಾವು."

ಹೀಗಾಗಿ ಡೇರೆ ಕೊಳ್ಳಲು ಹುಬ್ಬಳ್ಳಿಗೆ ಹೋದೆವು. ಮಿಲಿಟರಿಯವರು ಹರಾಜು ಹಾಕಿದ ಸಾಮಾನು ಮಾರುವ ಒಂದು ಅಂಗಡಿ. ಮೊದಲು ತೋರಿಸಿದ್ದು ದಪ್ಪ ಕಿತ್ತಾನು ಬಟ್ಟೆಯ ದೊಡ್ಡ ಡೇರೆ. ಎರಡು ಆಳು ಎತ್ತಬೇಕು. ಅದನ್ನು ಮೇಲಿಟ್ಟರೆ ನಮ್ಮ ಗಾಡಿ ಅಲ್ಲಿಯೇ ಮೊಣಕಾಲೂರುತ್ತಿತ್ತು. ಆಮೇಲೆ ಮುಂಬಯಿಯಿಂದ ಬಂದ ಹೊಸ ಮಾಲು ಬಿಚ್ಚಿದ. ಹಗುರ, ಚೆಂದ, ಒಳಗೆ ಸೊಳ್ಳೆ ಪರದೆ ಬೇರೆ. ಬೆಲೆ ಕೇಳಿದ ದಸ್ತಗೀರಸಾಬ ಮಾತಾಡದೆ ಹೊರಗೆ ಹೋಗಿ ಬೀಡಿ ಹಚ್ಚಿದ. ಉಳಿದದ್ದು ಲಾರಿಯ ಮೇಲೆ ಹೊದಿಸುವ ಒಂದು ತಾಡಪತ್ರಿ, ಒಂದು ಮಗ್ಗುಲಿಗೆ ತ್ಯಾಪೆ ಹಚ್ಚಿದ್ದು.

"ಹನಿ ನೀರ ಇಳಿಯಂಗಿಲ್ರಿ ಸಾಹೇಬ್ರ. ಇದರಾಗ ಕೆರಿ ಕಟ್ಟಬಹುದು," ಅಂದ ವ್ಯಾಪಾರಿ.

"ಒಂದ ಕೊಡ ನೀರು ತರಸ್ರಿ. ಈಗ ಕಟ್ಟೇಬಿಡೂಣು," ಅಂದೆ ನಾನು.

ಅವನ ಮುಖ ಸಣ್ಣದಾಯಿತು. ತಂದದ್ದು ಅರ್ಧ ಕೊಡ. ನಾವಿಬ್ಬರೂ ನಾಲ್ಕು ತುದಿ ಹಿಡಿದು ಜೋಲಿ ಮಾಡಿ ನೀರು ಹೊಯ್ದು, ಕೆಳಗೆ ಬಗ್ಗಿ ನೋಡುತ್ತ ನಿಂತೆವು. ತ್ಯಾಪೆಯ ಹೊಲಿಗೆಯಲ್ಲಿ ಒಂದು ಹನಿ ಕೂಡಿ, ತೂಗಿ, ಬಿತ್ತು. "ಅದು ಹೊರಗಿನ ಬೆವರ್ರಿ," ಅಂದ ಪುಣ್ಯಾತ್ಮ. ಆ ಹನಿಯನ್ನೇ ಹಿಡಿದು ಜಗ್ಗಾಡಿ ಬೆಲೆ ಇಳಿಸಿಕೊಂಡು ತಂದೆವು. ಹೊಲಿಗೆಗೆ ದಸ್ತಗೀರಸಾಬ ಮೇಣ ಕಾಯಿಸಿ ಬಳಿದ. ಬಡಿಗನಿಂದ ಹಲಗೆಯ ಮಂಚ ಮಾಡಿಸಿ, ಗಾಡಿಯ ತಗಡಿನ ಮೇಲಲ್ಲ, ಅದರ ಕಟ್ಟಿಗೆಯ ಕಂಬಗಳ ಮೇಲೆ ಭಾರ ಬೀಳುವ ಹಾಗೆ ಕೂಡ್ರಿಸಿದೆವು. ಸವಾರಿ ಬಂಡಿಗೆ ಕಟ್ಟುವಂಥ ಬಿದಿರಿನ ಕಮಾನು ಬಗ್ಗಿಸಿ ಮೇಲೆ ತಾಡಪತ್ರಿ ಎಳೆದೆವು. ಹತ್ತಲು ನಿಚ್ಚಣಿಕೆ. ಮಡಚಿದರೆ ಹಾಸಿಗೆಯ ಸುರುಳಿ, ಬಿಚ್ಚಿದರೆ ಮನೆ.

ಮೊದಲ ಕೆಲಸ ಗಜೇಂದ್ರಗಡದ ಗುಡ್ಡದ ಬುಡದಲ್ಲಿ. ಅಲ್ಲಿಯ ಗಾಳಿ ನಮಗೆ ಪಾಠ ಕಲಿಸಿತು. ಬಾಯಿಯನ್ನು ಗಾಳಿಯ ಕಡೆ ಇಟ್ಟರೆ ಡೇರೆ ಉಬ್ಬಿಕೊಂಡು ಗಾಡಿಯನ್ನೇ ಅಲ್ಲಾಡಿಸುತ್ತದೆ. ಹಗ್ಗವನ್ನು ಗೂಟಕ್ಕಲ್ಲ, ಗಾಲಿಗೇ ಕಟ್ಟಬೇಕು. ಒಂದು ಸಂಜೆ ಮಳೆ ಹನಿಯುವಾಗ ನಾನು ಸುಮ್ಮನೆ ಒಳಗಿನಿಂದ ಬೆರಳು ತಾಗಿಸಿದೆ. ತಾಗಿಸಿದಲ್ಲಿಂದಲೇ ತೊಟ್ಟಿಕ್ಕತೊಡಗಿತು. ಮುಟ್ಟದಿದ್ದರೆ ಸೋರುವುದಿಲ್ಲ, ಮುಟ್ಟಿದರೆ ಬಿಡುವುದಿಲ್ಲ, ಅಂಥ ಬಟ್ಟೆ. ಎಲ್ಲಕ್ಕಿಂತ ಮುಖ್ಯವಾದದ್ದು ಗಾಡಿ ನಿಲ್ಲಿಸುವ ಜಾಗ. ನೆಲ ಒಂದಿಷ್ಟು ಓರೆಯಾಗಿದ್ದರೂ ಬೆಳಗಾಗುವುದರೊಳಗೆ ಇಬ್ಬರೂ ಒಂದೇ ಮಗ್ಗುಲಿಗೆ ಉರುಳಿ ಬಿದ್ದಿರುತ್ತಿದ್ದೆವು. ಅದಕ್ಕೆ ಮಂಚದ ಮೇಲೆ ಗಂಗಾಳದಲ್ಲಿ ನೀರಿಟ್ಟು, ನೀರು ಅಂಚಿಗೆ ಸರಿಯಾಗಿ ನಿಂತಲ್ಲಿ ಮಾತ್ರ ನಿಲ್ಲಿಸುವ ರೂಢಿ ಮಾಡಿಕೊಂಡೆವು.

ಗುಡ್ಡದ ಸೀಮೆ ಮುಗಿಸಿ, ರೋಣ ದಾಟಿ, ಅಸೂಟಿಯ ಕಡೆಯಿಂದ ಎರೆಯ ಬಯಲಿಗೆ ಬಂದೆವು. ಅಲ್ಲಿ ಒಂದು ಊರು, ಅದರ ಹೆಸರು ಹೇಳುವುದಿಲ್ಲ. ಈ ಕಥೆಯಲ್ಲಿ ಬರುವವರ ಮೊಮ್ಮಕ್ಕಳು ಅಲ್ಲಿ ಇನ್ನೂ ಇದ್ದಾರೆ. ಊರ ಅಂಚಿನಲ್ಲಿ, ಬಿದ್ದುಹೋದ ಒಂದು ಮನೆಯ ಹಿತ್ತಲಿನಲ್ಲಿ, ಗಂಗಾಳದ ನೀರು ಕದಲದಂಥ ಸಪಾಟು ಜಾಗ ಸಿಕ್ಕಿತು. ಗಟ್ಟಿ ನೆಲ, ಒಂದು ಬಿರುಕಿಲ್ಲ.

"ಸುತ್ತ ಎಲ್ಲಾ ಸೀಳಿ ನಿಂತೈತಿ, ಇದೊಂದ ಹ್ಯಾಂಗ ಹಿಂಗ ಗಟ್ಟಿ ಐತ್ರಿ? ನನಗ್ಯಾಕೋ ಡೌಟ," ಅಂದ ದಸ್ತಗೀರಸಾಬ.

"ಸಿಕ್ಕಿದ್ದಕ್ಕ ಖುಷಿ ಪಡು ಚಾಚಾ," ಅಂದೆ ನಾನು.

ಓದುವವರಿಗೆ ಈಗಲೇ ಹೇಳಿಬಿಡುತ್ತೇನೆ, ಗುಟ್ಟು ಮಾಡುವುದು ಬೇಡ. ನಮ್ಮ ಗಾಲಿಯ ಕೆಳಗೆ ಒಂದು ಹಗೇವು ಇತ್ತು. ಹಗೇವು ಅಂದರೆ ನೆಲದಲ್ಲಿ ಬಾವಿಯ ಹಾಗೆ ತೋಡಿ, ಹೊಟ್ಟು ಹಾಸಿ, ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ, ಮೇಲೆ ಮಣ್ಣು ಬಡಿದು ಗುರುತು ಅಳಿಸಿದ ಕಣಜ. ಅದರಲ್ಲಿ ಇದ್ದದ್ದು ನೀಲವ್ವ ಎಂಬ ವಿಧವೆಯ ಜೋಳ. ಅವಳೂ ಅವಳ ಗಂಡನೂ ಬೇರೆಯವರ ಹೊಲ ಪಾಲಿಗೆ ಮಾಡಿ ಬೆಳೆದದ್ದು. ಗಂಡ ಸತ್ತ ಮೇಲೆ ಆ ಜಾಗ ಗೊತ್ತಿದ್ದದ್ದು ಅವಳಿಗೊಬ್ಬಳಿಗೇ. ಈಗ ಅವಳು ಮಗಳನ್ನು ಕಟ್ಟಿಕೊಂಡು ಬಾವ ಈರಪ್ಪನ ಮನೆಯಲ್ಲಿ ಇದ್ದಳು. ಆ ಜೋಳ ಕೈಗೆ ಬಂದರೆ ಹೊಳೆಆಲೂರಿನ ತವರಿಗೆ ಹೋಗಿ ಸ್ವಂತ ಒಲೆ ಹೂಡಬಹುದು, ಬಾವನ ಕಣ್ಣಿಗೆ ಬಿದ್ದರೆ ಜನ್ಮಪೂರ್ತಿ ಅವನ ಅಂಗಳದ ಕಸ ಬಳಿಯಬೇಕು. ಅದನ್ನು ತೆಗೆಸುವುದಕ್ಕೆ ಒಂದು ಸಂದರ್ಭ ಕಾಯುತ್ತ ಕೂತಿದ್ದಳು. ಅಷ್ಟರಲ್ಲಿ ನಾವು ಬಂದು ಅದರ ಮೇಲೆ ಗಾಡಿ ನಿಲ್ಲಿಸಿ, ಗಾಡಿಯ ಮೇಲೆ ಮನೆ ಕಟ್ಟಿದೆವು. ಇದೆಲ್ಲ ನನಗೆ ಆಗ ಎಲ್ಲಿ ಗೊತ್ತಿತ್ತು?

ನನಗೆ ಗೊತ್ತಾದದ್ದು ಇಷ್ಟೇ, ಈ ಊರಿನವರು ನಮ್ಮನ್ನು ನಂಬುವುದಿಲ್ಲ. ನಾವು ಮಣ್ಣು ತೆಗೆಯುತ್ತಿದ್ದದ್ದು ಗಿರಮಿಟ್ಟಿನಿಂದ, ನೆಲದೊಳಗೆ ತಿರುವುತ್ತ ಇಳಿಸುವ ಉದ್ದನೆಯ ಕಬ್ಬಿಣದ ಸಲಾಕೆ. ಯುದ್ಧದ ಕಾಲದಲ್ಲಿ ಕಾಳು ವಸೂಲಿಗೆ ಬಂದ ಸರಕಾರದವರು ಇಂಥದೇ ಸಲಾಕೆ ಚುಚ್ಚಿ ಚುಚ್ಚಿ ಹಗೇವು ಹುಡುಕಿ ಹೇರಿಕೊಂಡು ಹೋಗಿದ್ದರಂತೆ. ಊರಲ್ಲಿ ಎಲ್ಲರೂ ಅದನ್ನು ಕಂಡವರೇ. ಈಗ ಅದೇ ಸಲಾಕೆ, ಅದೇ ಬಣ್ಣದ ಗಾಡಿ, ಸಾಲದ್ದಕ್ಕೆ ಗಾಡಿಯ ತಲೆಯ ಮೇಲೆ ಕೂತು ಊರು ನೋಡುವ ಒಬ್ಬ ಹುಡುಗ ಸಾಹೇಬ. ಮರುದಿನವೇ ಊರಗೌಡರು ಬಂದರು.

"ಮ್ಯಾಲ್ಯಾಕ ಮಲಗತೀರಿ ಸಾಹೇಬ್ರ? ಚಾವಡಿ ಐತಲ್ಲ."

"ಚಾವಡ್ಯಾಗ ತಗಣಿ ಕಡೀತಾವ್ರಿ."

"ತಗಣಿ ಇರ್ಲಿ, ಮಂದಿ ಏನಂತಾರ? ನಮ್ಮ ಹೆಣಮಕ್ಕಳು ಮಾಳಿಗಿ ಮ್ಯಾಲ ಮಲಗತಾರ, ಹಿತ್ತಲದಾಗ ಜಳಕಾ ಮಾಡತಾರ. ನೀವು ಮ್ಯಾಲ ಕುಂತ್ರ ಎಲ್ಲಾ ಕಾಣತೈತಿ."

ಕೂಡಲೇ ಡೇರೆಯ ಬಾಯಿಯನ್ನು ಹೊಲದ ಕಡೆ ತಿರುಗಿಸಿದೆವು. ಆದರೂ ಹತ್ತುವಾಗ ಇಳಿಯುವಾಗ ಕಣ್ಣಿಗೆ ಬೀಳುವುದು ಬೀಳುತ್ತಿತ್ತು. ಹತ್ತಿರದ್ದು ಈರಪ್ಪನ ಅಂಗಳ. ಮುಂಜಾನೆ ಅವನ ಹೆಂಡತಿ ಸೊಂಟದ ಕೀಲಿ ತೆಗೆದು ಉಗ್ರಾಣ ತೆರೆದು, ನೀಲವ್ವನ ಸೆರಗಿಗೆ ಜೋಳ ಹಾಕುತ್ತಿದ್ದಳು. ಹಾಕಿದ ಮೇಲೆ ನೋಡಿ ಮತ್ತೆ ಅದರಲ್ಲೇ ಒಂದು ಹಿಡಿ ತಿರುಗಿ ತೆಗೆದುಕೊಳ್ಳುತ್ತಿದ್ದಳು. ದಿನಾ ಆ ಒಂದು ಹಿಡಿ.

ಆ ನೀಲವ್ವನೇ ನಮ್ಮನ್ನು ಕಾಡಲು ಸುರು ಮಾಡಿದಳು. ನಲವತ್ತರ ಆಜೂಬಾಜಿನ ಒಣಕಲು ಹೆಂಗಸು, ಮೊದಲ ಸಲ ಬಂದಾಗ ತಲೆಯ ಮೇಲೆ ಸೆಗಣಿ ಬುಟ್ಟಿ.

"ಯಪ್ಪಾ, ಇಲ್ಲಿ ದೆವ್ವದ ಗಾಳಿ ಐತಿ. ಹಾಳ ಮನಿ ಇದು. ಗಾಡಿ ಬ್ಯಾರೆ ಕಡೆ ಹಚ್ಚರಿ."

"ಗಾಳಿ ಬಡಕೋತದಂತನ ಮ್ಯಾಲ ಮಲಗೇವಿ ಯವ್ವಾ. ನಮಗ ಎಷ್ಟ ಗಾಳಿ ಬಂದ್ರೂ ಬೇಕು," ಅಂದ ದಸ್ತಗೀರಸಾಬ.

ಅವಳು ನಗಲಿಲ್ಲ. ಮರುದಿನ ಬಂದು ಗೋಡೆಯಲ್ಲಿ ನಾಗರಹಾವಿದೆ ಅಂದಳು. ಅದರ ಮರುದಿನ ಎರಡು ಬಿಸಿ ರೊಟ್ಟಿ, ಪುಂಡಿಪಲ್ಯ ತಂದಿಟ್ಟು, ಕೆರೆಯ ಹತ್ತಿರ ಚಲೋ ಜಾಗ ಐತಿ, ನೀರು ಸಮೀಪ, ನೆರಳು ಐತಿ ಅಂತ ಪುಸಲಾಯಿಸಿದಳು. ತನಗೇ ಅಳೆದು ಹಾಕಿದ್ದರಲ್ಲಿ ನಮಗೆ ರೊಟ್ಟಿ ಬಡಿದು ತಂದಿದ್ದಾಳೆ ಎಂದು ಗೊತ್ತಾಗಿ ನಾನು ಅರ್ಧ ರೊಟ್ಟಿಗೇ ಕೈ ತೊಳೆದೆ. ಜೊತೆಗೆ ಸಂಶಯ ಇನ್ನೂ ಗಟ್ಟಿಯಾಯಿತು. ಈಕೆ ಯಾಕೆ ಇಷ್ಟು ಮಾಡುತ್ತಾಳೆ?

"ಗೌಡರು ಕಳಿಸ್ಯಾರ ಆಕೀನ್ನ," ಅಂದೆ ನಾನು. "ನಮ್ಮನ್ನ ಹ್ಯಾಂಗಾರೆ ಮಾಡಿ ಓಡಸಬೇಕಂತ."

"ಅಲ್ರಿ, ಆಕೀ ಕಣ್ಣ ತಾಡಪತ್ರಿ ಮ್ಯಾಲ ಐತಿ. ಮಳಿಗಾಲ ಬಂತು, ಮಾಳಿಗಿ ಸೋರತಿರಬೇಕು. ಎಷ್ಟ ಸಲ ಕಟ್ಟಿದ ಹಗ್ಗ ನೋಡ್ತಾಳ ಗೊತ್ತೈತೇನು?"

ಅವಳು ನೋಡುತ್ತಿದ್ದದ್ದು ಹಗ್ಗವನ್ನಲ್ಲ, ಹಗ್ಗ ಕಟ್ಟಿದ ಗಾಲಿಯನ್ನು. ಆ ಗಾಲಿ ಎಷ್ಟು ಒಳಗೆ ಕೂತಿದೆ ಎಂದು. ಆಮೇಲಾಮೇಲೆ ಬಂದು ಮಾತಾಡುವುದನ್ನೂ ಬಿಟ್ಟಳು. ಮುರುಕು ಗೋಡೆಗೆ ಸೆಗಣಿಯ ಕುಳ್ಳು ತಟ್ಟುವ ನೆವ ಮಾಡಿಕೊಂಡು ಹೊತ್ತು ಮುಳುಗುವವರೆಗೂ ಅಲ್ಲೇ ಇರುತ್ತಿದ್ದಳು. ನಾನು ಮೇಲಿನಿಂದ ಅವಳನ್ನು ಕಾಯುತ್ತಿದ್ದೆ, ಅವಳು ಕೆಳಗಿನಿಂದ ನನ್ನನ್ನು ಕಾಯುತ್ತಿದ್ದಳು. ಗಿರಮಿಟ್ಟು ಎತ್ತಿಕೊಂಡು ಹೊರಟರೆ ಎದ್ದು ನಿಲ್ಲುತ್ತಿದ್ದಳು. ಅದು ಹಿತ್ತಲು ದಾಟಿ ಹೊಲಕ್ಕೆ ಹೋಯಿತೆಂದರೆ ಕೂಡುತ್ತಿದ್ದಳು.

ರೋಹಿಣಿ ಮಳೆ ಆ ವರ್ಷ ಹೇಳದೆ ಕೇಳದೆ ಒಂದು ಮಧ್ಯಾಹ್ನ ಬಂತು. ಚಿಕ್ಕನರಗುಂದದ ಕಡೆಯಿಂದ ಮುಗಿಲು ಕಪ್ಪಿಟ್ಟದ್ದನ್ನು ನೋಡಿ ನಾನು ಡೇರೆಯೊಳಗೆ ಹೊಕ್ಕೆ. ದಸ್ತಗೀರಸಾಬ ಗಾಡಿಯೊಳಗೆ ಮಣ್ಣಿನ ಚೀಲ ಸರಿಸುತ್ತಿದ್ದ. ಮಳೆ ಬಿತ್ತು ನೋಡಿ, ಕೊಡದಲ್ಲಿ ಸುರಿದ ಹಾಗೆ. ನಾನು ಬಟ್ಟೆಗೆ ಮೈ ತಾಗದಂತೆ ಮುದುಡಿಕೊಂಡು, ಒಂದು ಹನಿಯೂ ಒಳಗೆ ಬರಲಿಲ್ಲವಲ್ಲ ಎಂದು ಹಿಗ್ಗುತ್ತ ಕೂತಿದ್ದೆ. ಆಗ ಗಂಗಾಳದ ನೀರು ಒಂದು ಕಡೆಗೆ ಚೆಲ್ಲಿತು. ಅರೆ, ಇದೇನು ಅನ್ನುವುದರೊಳಗೆ ಕೆಳಗೆ ಕಲ್ಲು ಮುರಿದ ಸದ್ದು. ಗಾಡಿ ಹಿಂದಿನ ಒಂದು ಗಾಲಿಯ ಮೇಲೆ ಕುಸಿಯಿತು, ಮಂಚ ವಾಲಿತು. ನಾನು, ಹಾಸಿಗೆ, ಕಂದೀಲು ಎಲ್ಲ ಕೂಡಿ ತಾಡಪತ್ರಿಯ ಗಂಟಾಗಿ ಕೆಸರಿನಲ್ಲಿ ಬಂದು ಬಿದ್ದೆವು.

ನನಗಾಗಲಿ, ಗಾಡಿಯೊಳಗಿದ್ದ ದಸ್ತಗೀರಸಾಬನಿಗಾಗಲಿ ಕೈಕಾಲು ಮುರಿಯಲಿಲ್ಲ. ಬಿಡಿಸಿಕೊಂಡು ಏಳುವಾಗ ಮಳೆ ತೆಳುವಾಗಿತ್ತು, ಅರ್ಧ ಊರು ಅಲ್ಲಿ ಸೇರಿತ್ತು. ಎರಡು ಜೋಡಿ ಎತ್ತು ಹೂಡಿ ಗಾಡಿಯನ್ನು ಈಚೆ ಎಳೆದರು. ಮುರಿದ ಹಾಸುಗಲ್ಲಿನ ಸಂದಿಯಿಂದ ಹಗೇವಿನ ಆ ಹುಳಿ ಹುಳಿ ಬಿಸಿ ವಾಸನೆ ಎದ್ದಿತು. ಒಳಗೆ ಬಿಳಿ ಜೋಳ. ಗೋಡೆಯ ಹತ್ತಿರ ಗೋಣಿಕೊಪ್ಪೆ ಹೊದ್ದುಕೊಂಡು ನೀಲವ್ವ ನಿಂತಿದ್ದಳು. ಅವಳ ಮುಖ ನೋಡಿದೆ. ಆ ಗಾಳಿ, ಆ ಹಾವು, ಆ ಬಿಸಿ ರೊಟ್ಟಿ ಎಲ್ಲದರ ಅರ್ಥ ಒಂದೇ ಕ್ಷಣದಲ್ಲಿ ನನಗೆ ಹೊಳೆಯಿತು.

ಈರಪ್ಪನಿಗೂ ಹೊಳೆಯಿತು. ದಪ್ಪ ಕುತ್ತಿಗೆಯ ಆಳು, ಎಲ್ಲರನ್ನೂ ಸರಿಸಿ ಮುಂದೆ ಬಂದ.

"ಹಾಂ! ನಮ್ಮ ತಮ್ಮ ಹುಗದಿಟ್ಟ ಸತ್ತಾನ. ಇದು ನಮ್ಮ ಮನಿ ಕಾಳ. ಏ, ಚೀಲ ತರ್ರಿ, ಹಗ್ಗ ತರ್ರಿ ಲಗೂ!"

ಗಂಡಸರ ಎದುರಿಗೆ, ಬಾವನ ಎದುರಿಗೆ, ನೀಲವ್ವ ಏನೆಂದು ಹೇಳಬೇಕು? ದಿನಾ ತಿರುಗಿ ಹೋಗುತ್ತಿದ್ದ ಆ ಒಂದು ಹಿಡಿ ಜೋಳ ನನ್ನ ಕಣ್ಣ ಮುಂದೆ ಬಂತು. ಮೈಯೆಲ್ಲ ಕೆಸರು, ಒಂದು ಕಾಲಲ್ಲಿ ಚಪ್ಪಲಿ ಇಲ್ಲ, ಆದರೂ ನಾನು ಎಲ್ಲಿಂದಲೋ ಒಂದು ದೊಡ್ಡ ಧ್ವನಿ ತೆಗೆದೆ.

"ಯಾರೂ ಮುಟ್ಟಬ್ಯಾಡ್ರಿ! ಈ ಜೋಳ ಸರಕಾರದ ಜಪ್ತಿ!"

ಅವರು ಹೇಗೆ ನಂಬಿದರು ಅಂತೀರಿ? ನಾವು ಬಂದ ದಿನದಿಂದ ಅದನ್ನೇ ಅಲ್ಲವೆ ಅವರು ನಂಬಿಕೊಂಡು ಕೂತದ್ದು! ಮಣ್ಣು ನೋಡಲು ಬಂದವರು ಅಂದಾಗ ಒಬ್ಬನೂ ನಂಬದವರು, ಜಪ್ತಿ ಅಂದ ಕೂಡಲೇ ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು. "ನಾ ಮೊದಲ ಹೇಳಿದ್ದಿಲ್ಲೇನ?" ಎಂದು ಒಬ್ಬರಿಗೊಬ್ಬರು ಪಿಸುಗುಟ್ಟಿದರು. ದಸ್ತಗೀರಸಾಬ ನನ್ನ ಮುಖ ಒಂದು ಸಲ ನೋಡಿದ, ಏನು ತಿಳಿಯಿತೋ ಏನೋ, ತನ್ನ ಹಳೆಯ ಮಿಲಿಟರಿ ಗಂಟಲಿನಲ್ಲಿ "ಹಟ್ ಜಾವ್! ದೂರ ಸರೀರಿ!" ಎಂದು ಅಬ್ಬರಿಸಿದ. ಈರಪ್ಪನ ಬಾಯಿ ಕಟ್ಟಿತು.

ಬಾಯಿ ಕಟ್ಟದವಳು ನೀಲವ್ವ. ನುಗ್ಗಿ ಬಂದು ಒಂದು ಹಿಡಿ ಕೆಸರು ಎತ್ತಿ ನನ್ನ ಎದೆಗೆ ಒಗೆದಳು. "ನಿನ್ನ ಬಾಯಾಗ ಮಣ್ಣ ಬೀಳ್ಲಿ! ರೊಟ್ಟಿ ತಿಂದ ಬಾಯಿಲೆ ಹಿಂಗ ಹೇಳ್ತಿ? ಮಣ್ಣ ತಿನ್ನಾಕ ಬಂದಿಯೇನೋ, ಮಣ್ಣಿನ ಸಾಹೇಬಾ!" ಎಂದು ಕಿರುಚಿದಳು. ಅವಳ ಕಿವಿಯಲ್ಲಿ ಒಂದು ಮಾತು ಹೇಳುವ ಅವಕಾಶವೂ ನನಗಿರಲಿಲ್ಲ. ಹೇಳಿದ್ದರೂ ಅವಳು ನಂಬುತ್ತಿದ್ದಳೆಂದು ನನಗೇನೂ ಅನಿಸುವುದಿಲ್ಲ.

ಹಗೇವಿನ ಕೆಟ್ಟ ಹವೆ ಹೋಗಲೆಂದು ಬಾಯಿ ಪೂರ್ತಿ ತೆಗೆಸಿ ಕಾದೆವು. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು, ಅದು ಆರದಿದ್ದ ಮೇಲೆ ಇಬ್ಬರು ಆಳುಗಳು ಇಳಿದರು. ನೀರು ಹೊಕ್ಕಿದ್ದು ಒಂದು ಮಗ್ಗುಲಿಗೆ ಮಾತ್ರ, ಉಳಿದದ್ದು ಒಣಗಿಯೇ ಇತ್ತು. ಗಾಡಿಯ ಹೊಟ್ಟೆಯಲ್ಲಿ ಮಣ್ಣಿನ ಚೀಲಗಳ ಮೇಲೆ ಹಿಡಿಸುವಷ್ಟು ಜೋಳ ಹಿಡಿಸಿ, ಉಳಿದದ್ದನ್ನು ಮೇಲೆ ಹಲಗೆಯ ಮಂಚಕ್ಕೆ ಏರಿಸಿದೆವು. ಮತ್ತೆ ಹನಿಯಲು ಸುರುವಾಗಿತ್ತು. ಕಾಳಿನ ಚೀಲ ತಾಡಪತ್ರಿಗೆ ತಾಗಿದರೆ ತಾಗಿದಲ್ಲಿ ಸೋರುತ್ತದೆ. ಅದಕ್ಕೆ ಕಮಾನುಗಳನ್ನು ನೆಟ್ಟಗೆ ಎಬ್ಬಿಸಿ, ಬಟ್ಟೆಗೂ ಚೀಲಕ್ಕೂ ನಡುವೆ ಗೇಣು ಜಾಗ ಬಿಟ್ಟು ಬಿಗಿದೆವು. ನನಗೆ ಮಲಗಲು ತಂದ ಮನೆಯಲ್ಲಿ ಜೋಳ ಮಲಗಿತು.

ನೀಲವ್ವನ ತವರು ಹೊಳೆಆಲೂರು ಎಂದು ದಸ್ತಗೀರಸಾಬ ಎತ್ತು ಹೊಡೆಯುವವನಿಂದ ಮೆಲ್ಲಗೆ ಕೇಳಿ ತಿಳಿದುಕೊಂಡಿದ್ದ. ಎರೆರಸ್ತೆಯಲ್ಲಿ ಗಾಡಿ ಹಾವಿನ ಹಾಗೆ ಹೊರಳುತ್ತ ಹೋಯಿತು. ನಾನು ದಾರಿಯುದ್ದಕ್ಕೂ ಹೊರಗೆ ತಲೆ ಹಾಕಿ ಮೇಲಿನ ಡೇರೆ ನೋಡುತ್ತಲೇ ಇದ್ದೆ. ಆ ತ್ಯಾಪೆ, ಅದೊಂದು ತ್ಯಾಪೆ ಇವತ್ತು ಮರ್ಯಾದೆ ಉಳಿಸಲಪ್ಪಾ ಎಂದು ಬೇಡಿಕೊಂಡೆ. ಉಳಿಸಿತು. ಆದರೆ ಹೊಳೆಆಲೂರಿನಲ್ಲಿ ನೀಲವ್ವನ ತಾಯಿ ಬಾಗಿಲಿಗೆ ಅಡ್ಡ ನಿಂತಳು.

"ಯಾರ ಜ್ವಾಳ? ಯಾಕ ಕೊಡ್ತೀರಿ? ಇವತ್ತ ಇಟ್ಟ ಹೋಗಿ ನಾಳಿ ಪೊಲೀಸರನ್ನ ಕರಕೊಂಡ ಬರಬೇಕಂತ ಮಾಡೀರೇನ?"

"ಯವ್ವಾ, ನಿನ್ನ ಮಗಳದ್ದು. ಈ ಅನ್ನದ ಆಣಿ ಮಾಡಿ ಹೇಳ್ತೀನಿ," ಎಂದು ದಸ್ತಗೀರಸಾಬ ಜೋಳದ ಮೇಲೆ ಕೈಯಿಟ್ಟ. ಮುದುಕಿ ಆಗಲೂ ಒಪ್ಪಲಿಲ್ಲ. ನಾವೇ ಒಂದೊಂದಾಗಿ ಚೀಲ ಒಳಗೆ ಹೊತ್ತು ಹಾಕಿ, ಅವಳು ಬಯ್ಯುತ್ತಿರುವಾಗಲೇ ಗಾಡಿ ಬಿಟ್ಟೆವು.

ಮಣ್ಣು ಧಾರವಾಡಕ್ಕೆ ಮುಟ್ಟಿತು, ಒಣಗಿಯೇ ಮುಟ್ಟಿತು. ಅದರ ಹಿಂದೆಯೇ ಈರಪ್ಪನ ತಕರಾರೂ ಮುಟ್ಟಿತು. ಡೇರೆಯ ಸಾಹೇಬ ಜಪ್ತಿಯ ಹೆಸರಿನಲ್ಲಿ ಮನೆಯ ಕಾಳು ಕದ್ದೊಯ್ದ ಎಂದು. ನಮ್ಮ ಮೇಲಿನ ಸಾಹೇಬರು ನನ್ನನ್ನು ಕರೆದುಕೊಂಡು ರೋಣಕ್ಕೆ ಬಂದು ವಿಚಾರಣೆಗೆ ಕೂತರು. ಗೌಡರು ಮತ್ತು ಊರ ಹಿರಿಯರು ಬಂದಿದ್ದರು, ಈರಪ್ಪ ಮುಂದೆಯೇ ಕೂತಿದ್ದ.

"ಜಪ್ತಿ ಮಾಡ್ಲಿಕ್ಕೆ ನಿನಗ ಯಾರು ಹೇಳಿದ್ರು? ಜೋಳ ಎಲ್ಲದ?" ಎಂದು ಸಾಹೇಬರು ಕೇಳಿದರು.

ನಾನು ಏನು ಹೇಳಲಿ? ನಿಜ ಹೇಳಿದರೆ ಈರಪ್ಪ ಅಂದೇ ಸಂಜೆ ಬಂಡಿ ಕಟ್ಟಿಕೊಂಡು ಹೊಳೆಆಲೂರಿಗೆ ಹೋಗುತ್ತಾನೆ. ಹೇಳದಿದ್ದರೆ ನಾನು ಕಳ್ಳ. ಬರೀ ನೌಕರಿಯ ಮಾತಲ್ಲ, ಜೈಲು. ಅವ್ವನ ನೆನಪಾಯಿತು. ಆದರೂ ಸುಮ್ಮನೆ ನಿಂತೆ. ಪಕ್ಕದಲ್ಲಿ ದಸ್ತಗೀರಸಾಬನೂ ಸುಮ್ಮನೆ ನಿಂತ.

"ಬಾಯಿ ಹ್ಯಾಂಗ ಬಿಡ್ತಾನ್ರಿ?" ಅಂದ ಈರಪ್ಪ. "ಇಕಾ, ನಮ್ಮ ತಮ್ಮನ ಹೇಣತಿ ಬಂದಾಳ. ಕಣ್ಣಾರೆ ನೋಡ್ಯಾಳ. ಆಕೀನ್ನ ಕೇಳ್ರಿ."

ನೀಲವ್ವ ಬಾಗಿಲಲ್ಲಿ ನಿಂತಿದ್ದಳು, ಮಗಳ ಕೈ ಹಿಡಿದುಕೊಂಡು. ನಾನು ಅವಳನ್ನು ನೋಡಲಿಲ್ಲ. ಇವಳು ಈಗ ಏನು ಹೇಳುತ್ತಾಳೆಂದು ನನಗೆ ಖಾತ್ರಿಯಿತ್ತು. ಯಾಕೆ ಹೇಳಬಾರದು? ಜೋಳ ಅವಳ ತವರಿನಲ್ಲಿ ಇದೆ, ಯಾರಿಗೂ ಗೊತ್ತಿಲ್ಲ, ಹೌದು, ಇವರೇ ಕದ್ದರು ಅಂದರೆ ಅಲ್ಲಿಗೆ ಮುಗಿಯಿತು.

"ಹೌದ್ರಿ, ಇವರ ಒಯ್ದಾರ," ಅಂದಳು.

ಈರಪ್ಪ ಗೌಡರ ಕಡೆ ತಿರುಗಿ ತಲೆ ಹಾಕಿದ. ಅವಳ ಮಾತು ಇನ್ನೂ ಮುಗಿದಿರಲಿಲ್ಲ.

"ಒಯ್ದು ಹೊಳಿಆಲೂರಾಗ ನಮ್ಮವ್ವನ ಮನ್ಯಾಗ ಇಳಿಸ್ಯಾರ. ಕಾಳ ನಂದ್ರಿ. ನಾನೂ ನನ್ನ ಗಂಡನೂ ಪಾಲಿಗೆ ಮಾಡಿದ ಹೊಲದ್ದು. ಹಗೇವ ತುಂಬೂ ಮುಂದ ನಾನ ಒಳಗ ಇಳದು ತುಳದೀನಿ. ಇವರು ಕಳ್ಳರಲ್ಲರಿ."

ಈರಪ್ಪ ಎದ್ದು ನಿಂತು ಏನೇನೋ ಕೂಗಿದ. ಸಾಹೇಬರು ಮೇಜು ಬಡಿದು ಅವನನ್ನು ಕೂಡ್ರಿಸಿದರು. ನನ್ನನ್ನು, ಇಲ್ಲದ ಅಧಿಕಾರ ನಡೆಸಿದ್ದಕ್ಕೆ, ಎಲ್ಲರ ಎದುರಿಗೆ ಮುಖದ ನೀರಿಳಿಸಿ ಬೈದರು. ಆದರೆ ಕಳ್ಳತನದ ಮಾತು ಹೋಯಿತು, ನೌಕರಿ ಉಳಿಯಿತು. ಹಿರಿಯರು ಮೂಲೆಯಲ್ಲಿ ಕೂತು ತಮ್ಮ ನ್ಯಾಯ ಮಾಡಿದರು. ಅಣ್ಣತಮ್ಮಂದಿರು ಪಾಲಾಗಿರಲಿಲ್ಲ, ಆದ್ದರಿಂದ ಕಾಳಿನಲ್ಲಿ ಅರ್ಧ ಈರಪ್ಪನ ಮನೆಗೆ, ಅರ್ಧ ನೀಲವ್ವನಿಗೆ.

ಹೊರಗೆ ಗಾಡಿಯ ಹತ್ತಿರ ಅವಳು ಬಂದಾಗ ನನಗೆ ತಡೆಯಲಾಗಲಿಲ್ಲ. ಅಳುವೂ ಸಿಟ್ಟೂ ಕೂಡಿಯೇ ಬಂತು.

"ಯಾಕ ಹೇಳಿದಿ ಯಕ್ಕಾ? ಸುಮ್ಮನಿದ್ರ ಪೂರಾ ಕಾಳು ನಿಂದ ಆಗತಿತ್ತಲ್ಲ!"

ಅವಳು ಗಾಡಿಯ ಮೇಲೆ ಮಡಚಿ ಕಟ್ಟಿದ್ದ ಡೇರೆಯ ಕಡೆ ನೋಡಿದಳು. ಆಮೇಲೆ ನನ್ನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದಳು, ಮೊದಲ ದಿನದಿಂದಲೂ ನೋಡುತ್ತಿದ್ದ ಹಾಗೆಯೇ.

"ಕಾಳ ಹೋತು ಅಂತ ಅಳಕೋತ ಅವ್ವನ ಮನಿಗೆ ಹೋದ್ರ, ಅಲ್ಲೇ ಇತ್ತು. ನಾ ನಂಬಲಿಲ್ಲ ತಮ್ಮಾ. ಚೀಲಾ ಎಲ್ಲಾ ಬಿಚ್ಚಿ ಅಳದ ನೋಡಿದ್ನಿ. ಒಂದ ಮೂಲ್ಯಾಗ ಮುಗ್ಗಿದ ಜ್ವಾಳ ಬ್ಯಾರೆ ಗಂಟ ಕಟ್ಟಿ ಇಟ್ಟಿದ್ರಿ. ಕಳ್ಳರು ಮುಗ್ಗಿದ್ದ ಹೊತಗೊಂಡ ಬರಂಗಿಲ್ಲ. ಆದ್ರೂ ಅದನ್ನೂ ಅಳದೆ."

"ಎಷ್ಟು ಬಂತು?"

"ಪೂರಾ ಬಂತು. ಒಂದ ಸೇರ ಕಡಿಮಿ ಬಂದಿದ್ರ ಇವತ್ತ ನಾ ಸುಮ್ನ ಇರತಿದ್ದೆ," ಅಂದಳು. ಮಗಳ ಕೈ ಹಿಡಿದು ಹೊಳೆಆಲೂರಿನ ದಾರಿ ಹಿಡಿದಳು.